ಒಂದೇ ನೀರಿನ ಸುತ್ತು

ವಾರಾಂತ್ಯಕ್ಕೆ ಬೆಂಗಳೂರು ಬಿಡುವವರಲ್ಲಿ ಮೂರು ಪಂಗಡ. ಹಿನ್ನೀರು, ಕೆರೆ ಅಂದರೆ ಪ್ರಾಣ ಬಿಡುವವರು. ಒಂದು ಬೆಟ್ಟವನ್ನಾದರೂ ಹತ್ತದೆ ಸೋಮವಾರದ ಮುಖ ನೋಡಲಾರದವರು. ಕಡಲ ತಡಿಯಲ್ಲಿ ಮೀನೂಟ ಸಿಕ್ಕರೆ ಸಾಕು, ಉಳಿದದ್ದು ನೀವೇ ನೋಡಿಕೊಂಡು ಬನ್ನಿ ಎನ್ನುವವರು. ನಮ್ಮ ಮನೆಯಲ್ಲಿ ಮೂರೂ ಪಂಗಡದವರಿದ್ದೇವೆ. ಹೆಂಡತಿಗೆ ನೀರು, ಮಗಳಿಗೆ ಬೆಟ್ಟ, ನನಗೆ ಬಂಗುಡೆ. ಮೂವರ ಜಗಳವನ್ನೂ ಒಂದೇ ಸಲಕ್ಕೆ ಬಗೆಹರಿಸುವ ದಾರಿಯೊಂದು ಮಲೆನಾಡಿನಲ್ಲಿದೆ. ಸಾಗರದಿಂದ ಅಂಬಾರಗೋಡ್ಲಿಗೆ ಹೋಗಿ ಶರಾವತಿ ಹಿನ್ನೀರು ದಾಟಿ ಸಿಗಂದೂರು, ತುಮರಿ, ಅಲ್ಲಿಂದ ಕೊಡಚಾದ್ರಿ, ನಾಗೋಡಿ ಘಾಟಿ ಇಳಿದರೆ ಕೊಲ್ಲೂರು, ಮರವಂತೆ, ಕಡಲ ಬದಿಯಲ್ಲೇ ಉತ್ತರಕ್ಕೆ ನಡೆದರೆ ಹೊನ್ನಾವರ, ಗೇರುಸೊಪ್ಪೆಯ ಘಾಟಿ ಹತ್ತಿದರೆ ಜೋಗ, ಮತ್ತೆ ಸಾಗರ. ಶುಕ್ರವಾರವೂ ರಜೆ ಸೇರಿಕೊಂಡರೆ ಅವಸರವಿಲ್ಲದೆ ಮುಗಿಸಬಹುದು. ಶನಿವಾರ, ಭಾನುವಾರ ಮಾತ್ರ ಅಂದರೆ ನೋಡುವುದಕ್ಕಿಂತ ಓಡಿಸುವುದೇ ಹೆಚ್ಚಾಗುತ್ತದೆ. ನಾನಾದರೆ ಹಾಗೆ ಹೊರಡುವವರನ್ನು ತಡೆಯುತ್ತೇನೆ.

ಸಾಗರದವರೆಗಿನ ಹೆದ್ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ. ತೆಂಗು, ಆಮೇಲೆ ಅಡಿಕೆ. ಈ ದಾರಿಯ ಊರುಗಳಲ್ಲಿ ಬಿ.ಎಚ್. ರಸ್ತೆ ಎಂಬ ಫಲಕ ಕಂಡಾಗಲೆಲ್ಲ ಮಗಳಿಗೆ ಅದು ಬೆಂಗಳೂರು–ಹೊನ್ನಾವರ ರಸ್ತೆ ಎಂದು ನೆನಪಿಸುವುದು ನನ್ನ ಚಟ. ನಾವು ಬೆಂಗಳೂರಿನಿಂದ ಹೊರಟು, ಹೊನ್ನಾವರ ಮುಟ್ಟಿ, ಅದೇ ರಸ್ತೆಯಲ್ಲಿ ವಾಪಸಾಗುವವರು. ಶಿವಮೊಗ್ಗ ಕಳೆದು ಆನಂದಪುರದ ಹೊತ್ತಿಗೆ ಕಿಟಕಿ ಇಳಿಸಬೇಕು. ಎ.ಸಿ. ಆರಿಸಲು ಒಪ್ಪದ ಮಗಳೂ ಅಲ್ಲಿ ಒಪ್ಪುತ್ತಾಳೆ.

ಸಾಗರದಲ್ಲಿ ಒಂದು ರಾತ್ರಿ ಉಳಿಯುವುದು ಒಳ್ಳೆಯದು. ಬೆಳಿಗ್ಗೆ ಬೇಗ ಎದ್ದು ಇಕ್ಕೇರಿಯ ಅಘೋರೇಶ್ವರನನ್ನು ನೋಡಿಬಿಡಬಹುದು. ಕೆಳದಿ ಅರಸರ ರಾಜಧಾನಿಯಾಗಿದ್ದ ಊರು ಅದು. ಈಗ ಆ ದೊಡ್ಡ ಕಲ್ಲಿನ ಗುಡಿ, ಎದುರಿನ ನಂದಿ ಮಂಟಪ, ಸುತ್ತಲಿನ ಹುಲ್ಲು, ಇಷ್ಟೇ. ಇಲ್ಲಿ ಸೆರೆಯಲ್ಲಿ ಸತ್ತ ಒಬ್ಬ ರಾಣಿಯ ಊರನ್ನು ಈ ಸುತ್ತಿನ ಕೊನೆಯಲ್ಲಿ ಹಾದುಹೋಗುತ್ತೇವೆ. ಅವಳ ಮಾತು ಅಲ್ಲಿಗೇ ಇರಲಿ.

ಅಂಬಾರಗೋಡ್ಲಿನ ನೀರಂಚಿಗೆ ಜನ ಹೊಳೆಬಾಗಿಲು ಎನ್ನುತ್ತಾರೆ. ದಶಕಗಳ ಕಾಲ ಇಲ್ಲಿಂದ ಆಚೆಯ ಕಳಸವಳ್ಳಿಗೆ ಹೋಗಲು ಲಾಂಚ್ ಒಂದೇ ಗತಿಯಾಗಿತ್ತು. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಮದುವೆ ದಿಬ್ಬಣ, ಸಿಗಂದೂರಿನ ಚೌಡೇಶ್ವರಿಗೆ ಹರಕೆ ಹೊತ್ತವರು ಎಲ್ಲರೂ ಅದರ ಮೇಲೆಯೇ. 2025ರ ಜುಲೈ 14ರಂದು ಇಲ್ಲಿ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್, ನಡುವಿನ ಭಾಗ ಕೇಬಲ್‌ಗಳ ಮೇಲೆ ನಿಂತಿದೆ. ದಸರಾ ಕಳೆದ ಮೇಲೆ ನಾವು ಹೋದಾಗ ಹಿನ್ನೀರು ತುಂಬಿ ಕಾಡಿನ ಬುಡಕ್ಕೆ ತಾಗಿತ್ತು. ಹಿಂದೆ ಸರದಿಯಲ್ಲಿ ನಿಂತು, ಲಾಂಚಿನವರು ಕೈಸನ್ನೆ ಮಾಡಿದ ಮೇಲೆ ಹಿಮ್ಮುಖವಾಗಿ ಗಾಡಿ ಹತ್ತಿಸಿ, ಒಂದು ಗಂಟೆಯಾದರೂ ಹಿಡಿಸುತ್ತಿದ್ದ ದಾಟುವಿಕೆ ಈಗ ನಾಲ್ಕು ನಿಮಿಷಕ್ಕೆ ಮುಗಿಯಿತು. ಅದೂ ಮೆಲ್ಲಗೆ ಹೋದದ್ದಕ್ಕೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುವವರ ಸಾಲು ಇಲ್ಲದಿದ್ದರೆ ಇನ್ನೂ ಬೇಗ.

"ಲಾಂಚೇ ಚೆನ್ನಾಗಿತ್ತು ಅಲ್ವಾ?" ಎಂದಳು ಹೆಂಡತಿ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಲಾಂಚಿನ ಕಂಬಿಗೆ ಒರಗಿ ನಿಂತಾಗ ಸಿಗುತ್ತಿದ್ದ ಗಾಳಿ, ಪಕ್ಕದಲ್ಲಿ ನಿಂತವರೊಂದಿಗೆ ತಾನಾಗಿ ಬೆಳೆಯುತ್ತಿದ್ದ ಮಾತು ಕಾರಿನ ಗಾಜಿನೊಳಗೆ ಸಿಗುವುದಿಲ್ಲ. ಆದರೆ ಈ ಹಳಹಳಿಕೆ ತುಮರಿಯ ಚಹಾದಂಗಡಿಯವರೆಗೂ ಬಾಳಲಿಲ್ಲ. ಅಂಗಡಿಯ ಹಿರಿಯರಿಗೆ ನಾನು ಅದೇ ಮಾತು ಹೇಳಿದೆ.

"ನಿಮಗೆ ಚೆನ್ನಾಗಿತ್ತು ಮಾರಾಯ್ರೆ," ಎಂದರು ಅವರು, ಲೋಟ ತೊಳೆಯುತ್ತಲೇ. "ಸಂಜೆ ಲಾಂಚ್ ನಿಂತ ಮೇಲೆ ಮನೇಲಿ ಹೆರಿಗೆ ನೋವು ಶುರುವಾದ್ರೆ ಗೊತ್ತಾಗ್ತಿತ್ತು ಅದರ ಚೆಂದ."

ಕರೂರು ಹೋಬಳಿಯ ಈ ಭಾಗಕ್ಕೆ ಮೂರು ದಿಕ್ಕಿನಲ್ಲಿ ಹಿನ್ನೀರು, ಇನ್ನೊಂದು ಕಡೆ ಘಟ್ಟದ ಕಾಡು. ರಾತ್ರಿ ಲಾಂಚ್ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ಇಳಿದಾಗ ವಾಹನಗಳನ್ನು ಹತ್ತಿಸುತ್ತಿರಲಿಲ್ಲ, ಜನರಿಗೆ ಮಾತ್ರ ಜಾಗ. ರಸ್ತೆಯಲ್ಲೇ ಸಾಗರಕ್ಕೆ ಹೋಗುತ್ತೇನೆಂದರೆ ಹೊಸನಗರದ ಕಡೆಯಿಂದ ಬಳಸಿಕೊಂಡು ಹೋಗಬೇಕಿತ್ತು. ಸೇತುವೆಗಾಗಿ ಇಲ್ಲಿಯವರು ಪಾದಯಾತ್ರೆ ಮಾಡಿದ್ದಾರೆ, ಮೊಬೈಲ್ ನೆಟ್‌ವರ್ಕಿಗಾಗಿ ಮತದಾನ ಬಹಿಷ್ಕರಿಸುತ್ತೇವೆಂದು ಹೆದರಿಸಿದ್ದಾರೆ. ನಮಗೆ ವಿಹಾರವಾಗಿದ್ದದ್ದು ಅವರಿಗೆ ಕಾವಲು. ಅಂಥ ಊರಿನಲ್ಲಿ ಕುಳಿತು ಲಾಂಚಿನ ಸೊಗಸನ್ನು ಕೊಂಡಾಡುವುದು ಪಟ್ಟಣದವನ ಸೋಮಾರಿತನ ಎಂದು ನನಗೆ ಅನಿಸಿತು. ಹಿರಿಯರು ಮಾತ್ರ ಹಂಗಿಸುವ ದನಿಯಲ್ಲಿ ಹೇಳಿದ್ದಲ್ಲ. ಇನ್ನೊಂದು ಚಹಾ ಬೇಕಾ ಎಂದು ಕೇಳುವಷ್ಟೇ ಸಹಜವಾಗಿ ಹೇಳಿದ್ದರು. ಸೇತುವೆಯಿಂದ ತಮಗೆ ಬಂದ ನಷ್ಟವನ್ನೂ ಅದೇ ದನಿಯಲ್ಲಿ ಹೇಳಿದರು: ಈಗ ಯಾರೂ ಕಾಯುವುದಿಲ್ಲವಲ್ಲ, ಕಾಯದವರು ಚಹಾ ಕುಡಿಯುವುದಿಲ್ಲ.

ಸಿಗಂದೂರಿನಲ್ಲಿ ಜನವೋ ಜನ. ಚೌಡೇಶ್ವರಿಯ ಖ್ಯಾತಿ ಕಳ್ಳರನ್ನು ಹಿಡಿಯುವುದರಲ್ಲಿ. ಮಲೆನಾಡಿನ ಎಷ್ಟೋ ತೋಟಗಳ ಬೇಲಿಗೆ, ಗದ್ದೆಯ ಅಂಚಿಗೆ ತಗಡಿನ ಫಲಕವೊಂದು ನೇತಾಡುತ್ತದೆ: ಈ ಜಾಗಕ್ಕೆ ದೇವಿಯ ಕಾವಲಿದೆ. ಸಿಸಿಟಿವಿಗಿಂತ ಅಗ್ಗ, ಕರೆಂಟು ಹೋದರೂ ನಡೆಯುತ್ತದೆ. ಮಗಳಿಗೆ ತನ್ನ ಪೆನ್ಸಿಲ್ ಡಬ್ಬಿಗೂ ಒಂದು ಫಲಕ ಬೇಕೆನಿಸಿತು.

ದೇವಸ್ಥಾನದಿಂದ ಆಚೆಗೆ ಬ್ಯಾಕೋಡಿನ ಕಡೆ ಸಾಗುವ ರಸ್ತೆ ಈ ಸುತ್ತಿನಲ್ಲೇ ನನಗೆ ಹೆಚ್ಚು ಇಷ್ಟ. ಒಂದು ತಿರುವಿನಲ್ಲಿ ಅಡಿಕೆ ತೋಟ, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ಎರಡೂ. ಹೆಂಡತಿ ಗಾಡಿ ನಿಲ್ಲಿಸಿ ಎಂದಾಗಲೆಲ್ಲ ನಿಲ್ಲಿಸಿದೆ. ನೀರಿನ ನಡುವೆ ಅಲ್ಲಲ್ಲಿ ತಲೆಯೆತ್ತಿದ ದ್ವೀಪಗಳು. ಅವೆಲ್ಲ ಗುಡ್ಡದ ನೆತ್ತಿಗಳು ಎಂಬುದು ನೆನಪಾದರೆ ನೋಟದ ಬಗೆಯೇ ಬದಲಾಗುತ್ತದೆ. ಬೇಸಿಗೆಯ ಕೊನೆಯಲ್ಲಿ ಬಂದರೆ ಕೆಂಪು ಮಣ್ಣಿನ ದಡದಲ್ಲಿ ಮರದ ಮೊಂಡುಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಅರವತ್ತು ವರ್ಷ ನೀರಿನಲ್ಲಿದ್ದೂ ಕೊಳೆಯದ ಮರಗಳು.

ಈ ನೀರಿನಡಿ ಇನ್ನೊಂದು ಅಣೆಕಟ್ಟೆಯೂ ಮುಳುಗಿದೆ. ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಮೈಸೂರು ಸಂಸ್ಥಾನದವರು ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆ ಅದು. ಆ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಇಂದು ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿದೆ. ಕಟ್ಟಿ ಎರಡು ದಶಕ ತುಂಬುವುದರೊಳಗೆ, 1964ರಲ್ಲಿ, ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಎದ್ದು ನಿಂತಿತು. ಹಳೆಯ ಕಟ್ಟೆ ಹೊಸ ಕಟ್ಟೆಯ ಹೊಟ್ಟೆಗೆ ಹೋಯಿತು. ಮಳೆ ಕಡಿಮೆಯಾದ ವರ್ಷಗಳಲ್ಲಿ ಅದು ಮೇಲೆ ಬಂದಾಗ ನೋಡಲು ಜನ ಮುಗಿಬೀಳುತ್ತಾರೆ, ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಲಿಂಗನಮಕ್ಕಿ ತುಂಬುವ ಮಟ್ಟ 1,819 ಅಡಿ. ಸಾಗರ ಸೀಮೆಯಲ್ಲಿ ಆಷಾಢದಿಂದ ಭಾದ್ರಪದದವರೆಗೆ ಈ ಅಂಕಿಯನ್ನು ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಾರೆ: "ಇವತ್ತು ಎಷ್ಟಾಯ್ತು?"

ಆ ಅಂಕಿಯ ಕೆಳಗೆ ಉಳಿದುಹೋದ ಮನೆಗಳ ಲೆಕ್ಕವನ್ನು ಅಷ್ಟು ಉತ್ಸಾಹದಿಂದ ಯಾರೂ ಕೇಳುವುದಿಲ್ಲ. ಸಾವಿರಾರು ಕುಟುಂಬಗಳು ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳ ಅಂಚಿಗೆ ಹೋಗಿ ನೆಲೆಸಿದವು. ಅವರಿಗೆ ತೋರಿಸಿದ ಎಷ್ಟೋ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಹಕ್ಕುಪತ್ರದ ಹೋರಾಟ ಮೂರನೆಯ ತಲೆಮಾರಿಗೂ ಮುಗಿದಿಲ್ಲ. ಶಿವಮೊಗ್ಗದ ಯಾವ ಚುನಾವಣೆಯೂ ಮುಳುಗಡೆ ಸಂತ್ರಸ್ತರ ಮಾತಿಲ್ಲದೆ ನಡೆಯುವುದಿಲ್ಲ. ಇದನ್ನೆಲ್ಲ ಕನ್ನಡಕ್ಕೆ ತಿಳಿಸಿದವರು ನಾ. ಡಿಸೋಜ. ಸರ್ಕಾರಿ ನೌಕರಿಯಲ್ಲಿದ್ದು ಯೋಜನೆಯ ಕೆಲಸವನ್ನು ಹತ್ತಿರದಿಂದ ಕಂಡವರು ಅವರು. 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಸಾಗರದಲ್ಲೇ ಬಾಳಿದ ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆಯ ಮೇಲೆ ಗಾಡಿಗಳು ಓಡಲು ಆಗ ಇನ್ನಾರು ತಿಂಗಳು ಬಾಕಿಯಿತ್ತು.

ಕೊಡಚಾದ್ರಿಯ ಮೇಲಕ್ಕೆ ಸ್ವಂತ ಕಾರು ನಡೆಯುವುದಿಲ್ಲ. ನಿಟ್ಟೂರು, ಕಟ್ಟಿನಹೊಳೆ ಕಡೆಯ ಜೀಪುಗಳನ್ನೇ ಹತ್ತಬೇಕು. ರಸ್ತೆ ಎಂಬ ಮಾತನ್ನು ಅಲ್ಲಿ ಉದಾರವಾಗಿ ಬಳಸುತ್ತಾರೆ. ಕೆಸರು, ಉರುಟು ಕಲ್ಲು, ಮೊಣಕಾಲುದ್ದದ ಕೊರಕಲು. ಜೀಪಿನ ಹುಡುಗ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಯಾರಿಗೋ ಅನ್ನ ಇಡಲು ಹೇಳುತ್ತಿದ್ದ. ಹೆಂಡತಿ ಕಣ್ಣು ಮುಚ್ಚಿ ಮೂಕಾಂಬಿಕೆಯನ್ನು ನೆನೆದಳು. ಮಗಳು ಪ್ರತಿ ಗುಂಡಿಗೂ ಕೂಗಿ ಚಪ್ಪಾಳೆ ತಟ್ಟಿದಳು. ಈ ರಸ್ತೆಯನ್ನು ಸರಿಮಾಡಬೇಕು, ರೋಪ್‌ವೇ ಹಾಕಬೇಕು ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ತುಮರಿಗೆ ಸೇತುವೆ ಬೇಕು ಎಂದವನೇ ಇಲ್ಲಿ ರಸ್ತೆ ಬೇಡ ಎಂದರೆ ಇಬ್ಬಂದಿತನ ಅನ್ನಬಹುದು. ನನ್ನ ಲೆಕ್ಕ ಸರಳ: ತುಮರಿಯಲ್ಲಿ ಮನೆಗಳಿವೆ, ಕೊಡಚಾದ್ರಿಯ ನೆತ್ತಿಗೆ ಹೋಗುವವರು ನಾವು ಮಾತ್ರ. ನಮ್ಮ ಸೊಂಟ ನೋಯಲಿ ಬಿಡಿ.

ಜೀಪು ನಿಲ್ಲುವಲ್ಲಿ ಮೂಲ ಮೂಕಾಂಬಿಕೆಯ ಗುಡಿ. ಅದರೆದುರು ಮಳೆಗಾಲಗಳಿಗೆ ಎದೆಕೊಟ್ಟು ನಿಂತ ಕಬ್ಬಿಣದ ಕಂಬ. ಅಲ್ಲಿಂದ ನಡಿಗೆ. ಕಾಡು ಹಿಂದೆ ಸರಿದು ಹುಲ್ಲುಗಾವಲು ಶುರುವಾಗುತ್ತದೆ. ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು ಅಡಗಿ ಕೂತಿದೆ. 1,343 ಮೀಟರಿನ ನೆತ್ತಿಯಲ್ಲಿ ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ನಂಬುವ ಸರ್ವಜ್ಞಪೀಠ. ಹೆಸರು ಕೇಳಿ ದೊಡ್ಡದನ್ನು ಊಹಿಸಿಕೊಂಡು ಬಂದವರಿಗೆ ಕಾಣುವುದು ಹತ್ತು ಜನ ಸುತ್ತ ನಿಂತರೆ ಮರೆಯಾಗುವಂಥ ಪುಟ್ಟ ಕಲ್ಲು ಮಂಟಪ. ನನಗೆ ಅದೇ ಹಿತವೆನಿಸಿತು.

ಆ ಸಂಜೆ ಮಂಜು ಇರಲಿಲ್ಲ. ಎಲ್ಲರೂ ಪಡುವಣಕ್ಕೆ ಮುಖ ಮಾಡಿ ಫೋನ್ ಹಿಡಿದು ಸೂರ್ಯ ಮುಳುಗುವುದನ್ನು ಕಾಯುತ್ತಿದ್ದರು. ಕೆಳಗೆ ಘಟ್ಟದ ಗೋಡೆ, ಆಚೆಗೆ ಮಸುಕಾಗಿ ಕಡಲಿನ ಗೆರೆ. ಮಗಳು ಮಾತ್ರ ಬೆನ್ನು ತಿರುಗಿಸಿ ಮೂಡಲಿಗೆ ನೋಡುತ್ತಿದ್ದಳು. "ಅಪ್ಪಾ, ನಾವು ಬೆಳಿಗ್ಗೆ ದಾಟಿದ ನೀರು ಅದೇನಾ?" ಹೌದು, ಅದೇ ಹಿನ್ನೀರು, ತಾಮ್ರದ ಬಣ್ಣಕ್ಕೆ ತಿರುಗಿತ್ತು. ಒಂದೇ ಕಡೆ ನಿಂತು ತಿರುಗಿದರೆ ಅತ್ತ ಕಡಲು, ಇತ್ತ ಹಿನ್ನೀರು. ಈ ಪ್ರವಾಸದ ಮೂರು ಆಕರ್ಷಣೆಗಳು ಎಂದು ನಾವು ಬೇರೆ ಬೇರೆಯಾಗಿ ಎಣಿಸಿದ್ದವು ಬೇರೆ ಬೇರೆ ಅಲ್ಲವೆಂದು ಗೊತ್ತಾಗುವುದು ಅಲ್ಲಿ. ಘಟ್ಟದ ಮಳೆ ನ್ಯಾಯವಾಗಿ ಎರಡು ದಾರಿ ಹಿಡಿಯಬೇಕಿತ್ತು. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಜೋಗದಲ್ಲಿ ಧುಮುಕಿ ಹೊನ್ನಾವರಕ್ಕೆ. ಚಕ್ರಾ ನದಿ ಘಟ್ಟ ಇಳಿದು ಕುಂದಾಪುರದ ಗಂಗೊಳ್ಳಿಗೆ. ಆದರೆ ಚಕ್ರಾ ಮತ್ತು ಸಾವೆಹಕ್ಕಲು ಅಣೆಕಟ್ಟೆಗಳನ್ನು ಕಟ್ಟಿದ ಮೇಲೆ ಅಲ್ಲಿ ನಿಂತ ನೀರನ್ನು ಲಿಂಗನಮಕ್ಕಿಗೆ ತಿರುಗಿಸಲಾಯಿತು. ಕುಂದಾಪುರದ ಕಡಲಿಗೆ ಸೇರಬೇಕಿದ್ದ ನೀರು ಈಗ ಬೆಟ್ಟದ ಹಿಂದಿನಿಂದ ಬಳಸಿ, ವಿದ್ಯುತ್ತಾಗಿ, ಹೊನ್ನಾವರದ ಕಡಲಿಗೆ ಬೀಳುತ್ತದೆ. ಮರುದಿನ ನಾವು ಕಾರಿನಲ್ಲಿ ಹೊರಟದ್ದು ಅದು ಬಿಟ್ಟುಕೊಟ್ಟ ಹಳೆಯ ದಿಕ್ಕಿನಲ್ಲಿ.

ಇದನ್ನು ವಿವರಿಸುತ್ತ ಹೋದಾಗ ಹೆಂಡತಿ, "ಸೂರ್ಯ ಮುಳುಗಿ ಹೋಯ್ತು, ನೀವು ನೋಡಲೇ ಇಲ್ಲ," ಎಂದಳು.

ನಾಗೋಡಿ ಘಾಟಿ ಚಿಕ್ಕದು, ಇಕ್ಕಟ್ಟಿನದು, ಎದುರಿನಿಂದ ಬಸ್ಸು ಬಂದರೆ ಉಸಿರು ಬಿಗಿಹಿಡಿಯುವಂಥದ್ದು. ಮೂಕಾಂಬಿಕಾ ಅಭಯಾರಣ್ಯದ ನೆರಳಿನಲ್ಲಿ ಇಳಿದು ಕೊಲ್ಲೂರು ಸೇರಿದಾಗ ಫಲಕಗಳು ಮಲಯಾಳಕ್ಕೆ ತಿರುಗಿರುತ್ತವೆ. ಕೇರಳದವರಿಗೆ ಈ ತಾಯಿಯ ಮೇಲೆ ನಮಗಿಂತ ಒಂದು ಹಿಡಿ ಹೆಚ್ಚೇ ಭಕ್ತಿ. ದರ್ಶನ, ಊಟ, ಸೌಪರ್ಣಿಕೆಯಲ್ಲಿ ಕಾಲು ತೊಳೆದದ್ದು. ಮಧ್ಯಾಹ್ನದ ಸೆಕೆ ಕರಾವಳಿ ಬಂತೆಂದು ಹೇಳಿತು.

ಕೊಲ್ಲೂರಿನಲ್ಲಿ ಕಾಲಿಗೆ ತಾಗಿದ ಅದೇ ಸೌಪರ್ಣಿಕೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕದಲ್ಲಿ, ಇನ್ನೊಂದು ಪಕ್ಕದಲ್ಲಿ ಅರಬ್ಬೀ ಸಮುದ್ರ. ಹೊಳೆ ಕಡಲಿನ ಇಷ್ಟು ಹತ್ತಿರ ಬಂದೂ ಸೇರದೆ, ತೆಂಕಣಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗಿ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳ ಜೊತೆ ಅಳಿವೆ ಸೇರುತ್ತದೆ. ಮರವಂತೆಯ ಫೋಟೊ ನೋಡದ ಕನ್ನಡಿಗರಿಲ್ಲ. ಫೋಟೊದಲ್ಲಿರುವ ಮರವಂತೆ ಈಗ ಇಲ್ಲ ಎಂಬುದನ್ನು ಮೊದಲೇ ತಿಳಿದು ಹೋದರೆ ನಿರಾಸೆಯಾಗುವುದಿಲ್ಲ. ಹೆದ್ದಾರಿ ನಾಲ್ಕು ಪಥವಾಗಿದೆ. ಕಡಲ್ಕೊರೆತ ತಡೆಯಲು ಹಾಕಿದ ಕಪ್ಪು ಬಂಡೆಗಳು ಮರಳಿಗಿಂತ ಮೊದಲು ಕಣ್ಣಿಗೆ ಬೀಳುತ್ತವೆ. ಗಾಡಿಗಳು ಎಂಬತ್ತರ ವೇಗದಲ್ಲಿ ಹಾರುವ ಕಡೆ ಮಗುವಿನ ಕೈ ಬಿಟ್ಟು ಹೊಳೆಯ ಬದಿಯಿಂದ ಕಡಲ ಬದಿಗೆ ದಾಟುವಂತಿಲ್ಲ. ಎರಡೂ ನೀರನ್ನು ಒಟ್ಟಿಗೆ ನೋಡಬೇಕೆಂದರೆ ವೇಗ ತಗ್ಗಿಸಿ, ಹಿಂದಿನವನು ಹಾರ್ನ್ ಹೊಡೆಯುವವರೆಗೆ ನೋಡಿಕೊಂಡು ಹೋಗುವುದೇ ದಾರಿ.

ಬಂಗುಡೆ ಸಿಕ್ಕಿದ್ದು ತ್ರಾಸಿ ಹತ್ತಿರದ ಒಂದು ಸಣ್ಣ ಊಟದ ಮನೆಯಲ್ಲಿ. ನಾಲ್ಕೇ ಮೇಜು. ಬಡಿಸುವವರು ನಮ್ಮ ಮುಖ ನೋಡಿದ್ದೇ, "ಹ್ವಾಯ್, ಬೆಂಗ್ಳೂರಾ? ಖಾರ ಆತ್ತಾ ನಿಮ್ಗೆ?" ಎಂದರು. ಆಗುತ್ತದೆ ಎಂದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ತವಾ ಫ್ರೈ. ಕಣ್ಣಲ್ಲಿ ನೀರು ಬಂದರೂ ಪಂದ್ಯ ಬಿಡಲಿಲ್ಲ. ಹೊಳೆಮೀನು ಇಲ್ಲವೇ ಎಂದು ಕೇಳಿದಾಗ, "ಹೊಳಿಯಂಗೆ ಮೊದ್ಲಿನಾಂಗೆ ಇಲ್ಲ ಮಾರ್ರೆ," ಎಂದಷ್ಟೇ ಹೇಳಿ ಸಾರಿನ ಸೌಟು ಹಿಡಿದು ಮುಂದಿನ ಮೇಜಿಗೆ ಹೋದರು.

ಅಲ್ಲಿಂದ ಉತ್ತರಕ್ಕೆ ಬೈಂದೂರು, ಭಟ್ಕಳ, ಮುರ್ಡೇಶ್ವರ. ಮುರ್ಡೇಶ್ವರದ ಶಿವ ಹೆದ್ದಾರಿಯಿಂದಲೇ ದರ್ಶನ ಕೊಟ್ಟ; ಮಗಳು ಗಾಡಿಯಲ್ಲೇ ಕೈಮುಗಿದಳು, ಗಾಡಿ ನಿಲ್ಲಲಿಲ್ಲ. ಗುಣವಂತೆಯ ಹತ್ತಿರ ಕೆರೆಮನೆಯವರ ಯಕ್ಷಗಾನ ಕೇಂದ್ರ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಮೇಳ ಇವತ್ತಿಗೂ ನಡೆಯುತ್ತಿದೆ. ಆ ರಾತ್ರಿ ಆಟ ಇದ್ದಿದ್ದರೆ ನಮ್ಮ ಸುತ್ತು ಅಲ್ಲಿಗೇ ನಿಲ್ಲುತ್ತಿತ್ತು.

ಹೊನ್ನಾವರದಲ್ಲಿ ಶರಾವತಿ ಮತ್ತೆ ಸಿಕ್ಕಳು. ಅಂಬಾರಗೋಡ್ಲಿನಲ್ಲಿ ಕಟ್ಟಿಹಾಕಿದ ಹಿನ್ನೀರಾಗಿದ್ದವಳು ಇಲ್ಲಿ ಅಗಲವಾದ ಅಳಿವೆ. ನಡುವೆ ಮಾವಿನಕುರ್ವೆಯಂಥ ದ್ವೀಪಗಳು. ಅವು ಮಾತ್ರ ನದಿಯೇ ಮಾಡಿದವು. ಅಳಿವೆಯ ಮೇಲೆ ಹಾಯುವ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲಿನ ಸೇತುವೆಗಳಲ್ಲೇ ಅತಿ ಉದ್ದದ್ದು. ಒಂದೇ ನದಿಗೆ ಘಟ್ಟದ ಮೇಲೊಂದು, ಕೆಳಗೊಂದು ಇಷ್ಟುದ್ದದ ಸೇತುವೆ. ಮೇಲಿನ ಅಗಲ ಮನುಷ್ಯ ಮಾಡಿದ್ದು, ಕೆಳಗಿನದು ಕಡಲು ಮಾಡಿದ್ದು. ಕಾಸರಕೋಡಿನಲ್ಲಿ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ಅಲ್ಲೇ ಆಚೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ. ಸಂಜೆಗೆ ಇಡೀ ಹೊನ್ನಾವರ ಅಲ್ಲಿರುತ್ತದೆ.

ನಾವು ಅಳಿವೆಯಲ್ಲಿ ದೋಣಿ ಹತ್ತಿದೆವು. ಕಾಂಡ್ಲಾ ಬೇರುಗಳ ನಡುವೆ ಹುಟ್ಟು ಹಾಕುತ್ತಿದ್ದವರನ್ನು ಬಳಚಿನ ಬಗ್ಗೆ ವಿಚಾರಿಸಿದೆ. ಅಳಿವೆಯ ಮರಳಿನಿಂದ ಹೆಂಗಸರು ಬುಟ್ಟಿಗಟ್ಟಲೆ ಆರಿಸುವ ಚಿಪ್ಪುಮೀನು. ನನ್ನ ಇನ್ನೊಂದು ದೌರ್ಬಲ್ಯ.

"ಇಲ್ಲಿ ಎಲ್ಲಿದೆ? ನಮ್ಮ ಅಜ್ಜಿ ಕಾಲದಾಗೆ ಇತ್ತಂತೆ. ಈಗ ಬೇಕಾದ್ರೆ ಅಘನಾಶಿನಿಗೆ ಹೋಗ್ಬೇಕು."

ಕಾರಣ ಕೇಳಲು ದೂರ ಹೋಗಬೇಕಿಲ್ಲ. ಅಳಿವೆಯೆಂದರೆ ಸಿಹಿನೀರು, ಉಪ್ಪುನೀರು ಋತುವಿಗೆ ತಕ್ಕಂತೆ ಹೋಗಿಬರುವ ಜಾಗ. ಮಳೆಗಾಲದಲ್ಲಿ ಹೊಳೆಯ ಕೈ ಮೇಲು, ಬೇಸಿಗೆಯಲ್ಲಿ ಕಡಲಿನ ಕೈ ಮೇಲು. ಬಳಚು ಬೆಳೆಯುವುದು ಆ ಉಪ್ಪಿನ ತಿಂಗಳುಗಳಲ್ಲಿ. ಶರಾವತಿಯಲ್ಲಿ ಈಗ ಬೇಸಿಗೆಯೇ ಇಲ್ಲ. ವಿದ್ಯುದಾಗಾರಗಳು ವರ್ಷವಿಡೀ ಯಂತ್ರ ತಿರುಗಿಸಿ ನೀರು ಬಿಡುವುದರಿಂದ ಸಿಹಿನೀರು ನಿಲ್ಲದೆ ಇಳಿಯುತ್ತದೆ, ಉಪ್ಪು ಹಿಂದೆ ಸರಿಯುತ್ತದೆ. ಈ ಎರಡು ಅಳಿವೆಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಹೇಳುವುದೂ ದೋಣಿಯವರು ಹೇಳಿದ್ದನ್ನೇ: ಅಣೆಕಟ್ಟೆಯಿಲ್ಲದ ಅಘನಾಶಿನಿಯಲ್ಲಿ ಚಿಪ್ಪುಮೀನು ಸಮೃದ್ಧ, ಶರಾವತಿಯಲ್ಲಿ ಅದು ಕಳೆದುಹೋಗಿದೆ. ಘಟ್ಟದ ಮೇಲೆ ಮನೆಗಳು ಮುಳುಗಿದ ಕತೆ ನನಗೆ ಮೊದಲೇ ಗೊತ್ತಿತ್ತು. ಘಟ್ಟದ ಕೆಳಗೆ, ಒಂದು ಹನಿ ನೀರೂ ನುಗ್ಗದ ಮನೆಗಳಲ್ಲಿ, ಅಡುಗೆಯಿಂದ ಒಂದು ಪದಾರ್ಥ ಮಾಯವಾದದ್ದೂ ಅದೇ ಕತೆಯ ಭಾಗವೆಂದು ನಾನು ಜೋಡಿಸಿಕೊಂಡಿರಲಿಲ್ಲ. ಮುಳುಗಡೆಗೆ ಕಾದಂಬರಿಗಳು ಹುಟ್ಟಿದವು. ಬಳಚಿನ ಬುಟ್ಟಿ ಹೊತ್ತು ಬೀದಿ ಸುತ್ತುತ್ತಿದ್ದ ಹೆಂಗಸರ ಕಸುಬು ನಿಂತದ್ದು ಯಾವ ಪರಿಹಾರದ ಪಟ್ಟಿಗೂ ಸೇರುವಂಥದ್ದಲ್ಲ.

ಹೊನ್ನಾವರದಿಂದ ಹೊಳೆಯ ದಂಡೆ ಹಿಡಿದು ಮೂಡಲಿಗೆ ಹೋದರೆ ಗೇರುಸೊಪ್ಪೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಹೊಳೆಯಿಳಿದು ಬಂದರಿಗೆ ಹೋಗುವ ದಾರಿ ಅವಳ ಕೈಯಲ್ಲಿತ್ತು. ಅರ್ಧ ಶತಮಾನ ಆಳಿದ ಮೇಲೆ ಕೆಳದಿಯವರು ಅವಳನ್ನು ಸೋಲಿಸಿ ಇಕ್ಕೇರಿಗೆ ಒಯ್ದರು, ಅಲ್ಲೇ ಸತ್ತಳು. ಮೊದಲ ದಿನ ಬೆಳಿಗ್ಗೆ ನೋಡಿದ ಊರು. ಅವಳ ನಗರದಲ್ಲಿ ಈಗ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಮುಖ ಮಾಡಿದ ತೀರ್ಥಂಕರರು. ಸುತ್ತ ಅಲ್ಲಲ್ಲಿ ತಳಪಾಯದ ಕಲ್ಲುಗಳು. ಜೋಗಕ್ಕೆ ಹೋಗುವ ನೂರು ಕಾರಿನಲ್ಲಿ ಒಂದೂ ಇತ್ತ ತಿರುಗುವುದಿಲ್ಲ; ನಾವಿದ್ದಷ್ಟು ಹೊತ್ತೂ ಬೇರೆ ಯಾರೂ ಬರಲಿಲ್ಲ.

ಬಸದಿಯ ಸೀಮೆಯಲ್ಲೇ ಗೇರುಸೊಪ್ಪೆಯ ಅಣೆಕಟ್ಟೆ, ಶರಾವತಿಯ ಕೊನೆಯ ಕಟ್ಟೆ. ಲಿಂಗನಮಕ್ಕಿಯಿಂದ ತಳಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ ಇಳಿದು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿ, ಇಲ್ಲಿ ಮತ್ತೊಮ್ಮೆ ನಿಂತು ಇನ್ನಷ್ಟು ವಿದ್ಯುತ್ ಕೊಟ್ಟ ಮೇಲೆಯೇ ನೀರಿಗೆ ಬಿಡುಗಡೆ. ಈಗಿನ ಹೊಸ ಯೋಜನೆಯಲ್ಲಿ ಆ ಬಿಡುಗಡೆಗೂ ಮುಂಚೆ ಇನ್ನೊಂದು ಸುತ್ತಿದೆ: ಗೇರುಸೊಪ್ಪೆಯ ನೀರನ್ನು ಮತ್ತೆ ಮೇಲಿನ ತಳಕಳಲೆಗೆ ಪಂಪ್ ಮಾಡಿ, ವಿದ್ಯುತ್ತಿಗೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2,000 ಮೆಗಾವಾಟ್ ಪಡೆಯುವುದು. ಸೂರ್ಯನ, ಗಾಳಿಯ ವಿದ್ಯುತ್ತನ್ನು ಕೂಡಿಡಲು ಇದು ಬೇಕು ಎನ್ನುವವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಸುರಂಗ ಕೊರೆಯಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದಡಿಯಲ್ಲಿ, ಮಳೆಗಾಲಕ್ಕೆ ಜಾರುವ ಗುಡ್ಡಗಳಲ್ಲಿ. ಘಟ್ಟದ ಮೇಲೆಯೂ ಕೆಳಗೂ ಜನ ವಿರೋಧಿಸುತ್ತಿದ್ದಾರೆ. 2019ರಲ್ಲಿ ಇದೇ ನೀರನ್ನು ಬೆಂಗಳೂರಿಗೆ ಕುಡಿಯಲು ಒಯ್ಯುವ ಮಾತು ಬಂದಾಗಲೂ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತ್ತು. ಒಂದು ನದಿಯನ್ನು ಎಷ್ಟು ಸಲ ದುಡಿಸಬಹುದು ಎಂಬ ಪ್ರಶ್ನೆಯನ್ನು ನಮ್ಮ ಗೀಸರ್, ನಮ್ಮ ನಲ್ಲಿ, ಮುಂದೆ ಕೊಳ್ಳಲಿರುವ ಎಲೆಕ್ಟ್ರಿಕ್ ಕಾರು ಎಲ್ಲವನ್ನೂ ಒಳಗಿಟ್ಟುಕೊಂಡೇ ಕೇಳಬೇಕು.

ಘಾಟಿ ಹತ್ತುವಾಗ ಮಾಲೆಮನೆಯ ತಿರುವುಗಳಲ್ಲಿ ಸಿಂಗಳೀಕಗಳೇ ಸಿಕ್ಕವು. ಕರಿ ಮೈ, ಮುಖದ ಸುತ್ತ ಬೂದು ಕೇಸರ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಬದುಕಿರದ ಪ್ರಾಣಿ. ಮರದಿಂದ ಇಳಿಯುವ ಸ್ವಭಾವ ಅದರದಲ್ಲ. ಆದರೆ ಇವು ರಸ್ತೆ ಬದಿಯಲ್ಲಿ ಕೂತು ಮುಂದಿನ ಕಾರಿನ ಕಿಟಕಿಯಿಂದ ಬೀಳುವ ಚಿಪ್ಸಿಗಾಗಿ ಕಾಯುತ್ತಿದ್ದವು. ಅಲ್ಲೇ ಆಹಾರ ಕೊಡಬೇಡಿ ಎಂಬ ಫಲಕ, ಅದರಡಿಯಲ್ಲೇ ಬಾಳೆಹಣ್ಣಿನ ಸಿಪ್ಪೆ. ಮಗಳಿಗೆ ಸಿಟ್ಟು ಬಂದು ಕಿಟಕಿಯಿಂದ ಕೂಗಿದಳು. ಆ ಕಾರಿನವರು ಅವಳಿಗೂ ಕೈಬೀಸಿದರು.

ಜೋಗದಲ್ಲಿ ಜನ ಎಲ್ಲ ಕಾಲದಲ್ಲೂ ಕೇಳುವ ಪ್ರಶ್ನೆ ಒಂದೇ: ನೀರಿದೆಯಾ? ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಇದ್ದವು, ಸೊರಗಿದ್ದವು, ಬೆಳ್ಳಗಿದ್ದವು. 830 ಅಡಿಯ ಆ ಬೀಳು ತುಂಬಿ ಗರ್ಜಿಸುವುದು ಅಣೆಕಟ್ಟೆ ತುಂಬಿ ಬಾಗಿಲು ತೆರೆದ ದಿನಗಳಲ್ಲಿ ಮಾತ್ರ. ಉಳಿದಂತೆ ಕಟ್ಟೆಯ ಕೆಳಗಿನ ಕಾಡಿನ ಮಳೆ ಎಷ್ಟು ಕೊಡುತ್ತದೋ ಅಷ್ಟು. ಪಕ್ಕದಲ್ಲಿ ನಿಂತ ದಾವಣಗೆರೆಯ ಕುಟುಂಬದ ಯಜಮಾನರು ಕಾವಲುಗಾರನಲ್ಲಿ, "ಏನ್ರೀ, ಇಷ್ಟೇನಾ? ಮುಂದಿನ ವಾರ ಜಾಸ್ತಿ ಬಿಡ್ತಾರಾ?" ಎಂದು ಸಿನಿಮಾ ಟಿಕೆಟ್ ವಿಚಾರಿಸುವವರ ಗತ್ತಿನಲ್ಲಿ ಕೇಳಿದರು. "ಡ್ಯಾಮಿನವರನ್ನ ಕೇಳಿ ಸ್ವಾಮಿ," ಎಂದ ಆತ. ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಅವರ ಪ್ರಶ್ನೆ ಸರಿಯಾದದ್ದೇ. ನೀರು ಬೀಳುವುದು ಇಲ್ಲಿ ಪ್ರಕೃತಿಯ ಕೈಯಲ್ಲಿಲ್ಲದೆ ಅರವತ್ತು ವರ್ಷವಾಯಿತು. ಕಮರಿಯ ತಳದಲ್ಲಿ ವಿದ್ಯುದಾಗಾರದ ಕಟ್ಟಡ ಕಾಣುತ್ತದೆ. ಫೋಟೊ ತೆಗೆಯುವವರೆಲ್ಲ ಅದು ಬಾರದಂತೆ ಕೋನ ಹೊಂದಿಸುತ್ತಾರೆ. ಹೆಂಡತಿ ಅದು ಸೇರುವಂತೆಯೇ ಒಂದು ತೆಗೆದಳು.

ತಾಳಗುಪ್ಪದಲ್ಲಿ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಸಾಗರ, ಶಿವಮೊಗ್ಗ, ಬೆಂಗಳೂರು. ಎಡಕ್ಕೆ ಸಿದ್ದಾಪುರ, ಶಿರಸಿ, ಅಘನಾಶಿನಿಯ ಕಣಿವೆ. ಉಂಚಳ್ಳಿಯಲ್ಲಿ ಧುಮುಕಿ, ಯಾವ ಕಟ್ಟೆಗೂ ಸಿಗದೆ ತದಡಿಯವರೆಗೆ ಹರಿಯುವ ಹೊಳೆ, ಅದರ ಬಾಯಲ್ಲಿ ಬಳಚು ಆರಿಸುವ ಹೆಂಗಸರು. ಕವಲಿನಲ್ಲಿ ಗಾಡಿ ನಿಲ್ಲಿಸಿ ಒಂದು ಕ್ಷಣ ಯೋಚಿಸಿದೆ. "ಒಂದಿನ ರಜೆ ಹಾಕಿದ್ರೆ ಆಗಲ್ವಾ?" ಎಂದಳು ಹೆಂಡತಿ, ನಾನು ಕೇಳಬೇಕೆಂದಿದ್ದ ಪ್ರಶ್ನೆಯೇ. ಹಿಂದಿನ ಸೀಟಿನಿಂದ ಮಗಳು, ತನಗೆ ಸೋಮವಾರ ಗಣಿತದ ಟೆಸ್ಟ್ ಇದೆ ಎಂದು ನೆನಪಿಸಿದಳು. ನೇರ ಹೋದೆವು.